ಟಾಪ್ ಇಲ್ಲದ ಮಸ್ಟಾಂಗ್: ನೋಡೋಕೆ ನಾಯಕಿ, ಸಾಕೋಕೆ ಖಳನಾಯಕ!

ಬಾಂಡ್ ಚಿತ್ರಗಳ ಹುಚ್ಚು ಹಿಡಿದ ಅಭಿಮಾನಿ ಮಿತ್ರರೇ, 'ಗೋಲ್ಡ್‌ಫಿಂಗರ್' ನೆನಪಿದೆಯಾ? 1964ರ ಚಿತ್ರ. ಸ್ವಿಟ್ಜರ್‌ಲೆಂಡಿನ ಬೆಟ್ಟದ ರಸ್ತೆ. ಷಾನ್ ಕಾನರಿ ತನ್ನ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಠೀವಿಯಿಂದ ಹೊರಟಿದ್ದಾನೆ. ಭರ್ರನೆ ಒಂದು ಬಿಳೀ ಕಾರು ಅವನನ್ನು ಹಿಂದೆ ಹಾಕಿ ಹೋಗುತ್ತೆ. ಮೇಲೆ ಟಾಪ್ ಇಲ್ಲ, ಒಳಗೆ ಒಬ್ಬ ಚೆಲುವೆ. ನಮ್ಮ ಬಾಂಡ್ ಸುಮ್ಮನೆ ಬಿಡ್ತಾನಾ? ಚಕ್ರದ ನಡುವಿನಿಂದ ಗರಗಸ ಚಾಚಿ ಆ ಕಾರಿನ ಟೈರನ್ನೇ ಸಿಗಿದು ಹಾಕ್ತಾನೆ!

ಥಿಯೇಟರಿನಿಂದ ಹೊರಬಂದವರೆಲ್ಲ ಆಸ್ಟನ್ ಮಾರ್ಟಿನ್ ಜಪ ಮಾಡಿದರು. ನನ್ನ ಕಣ್ಣು ಮಾತ್ರ ಆ ಬಿಳೀ ಕಾರಿನ ಮೇಲೇ ಉಳಿಯಿತು. ಅದೇ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್. ಅಂದರೆ ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಿಚಿ, ಆಕಾಶ ನೋಡುತ್ತಾ ಓಡಿಸುವ ಕಾರು.

ಈ ವಾರ ಯಾಕಪ್ಪ ಈ ಕಾರಿನ ಪುರಾಣ ಅಂತೀರಾ? ಕುದಾಪುರದಿಂದ ಒಂದು ಪತ್ರ ಬಂದಿದೆ ಸ್ವಾಮಿ. ಜೊತೆಗೊಂದು ಜಾಹೀರಾತಿನ ತುಂಡು: 1965ರ ಮಸ್ಟಾಂಗ್ ಮಾರಾಟಕ್ಕಿದೆ, ಟಾಪ್ ತೆರೆಯುವಂಥದ್ದು, ಸುಸ್ಥಿತಿ, ಷೂಟಿಂಗಿಗೂ ಮದುವೆಗೂ ಯೋಗ್ಯ.

ಬರೆದವನು ಇಪ್ಪತ್ಮೂರರ ಹುಡುಗ. ಹೆಸರು ಹಾಕೋದಿಲ್ಲ, ಅಪ್ಪನ ಕೈಗೆ ಪತ್ರಿಕೆ ಸಿಕ್ಕರೆ ಕಷ್ಟ! ಯಾಕೆಂದರೆ ಇವನ ಪ್ಲಾನ್ ಹೀಗಿದೆ: ಅಪ್ಪನ ಕುರಿಮಂದೆ ಮಾರೋದು, ಉಳಿದದ್ದಕ್ಕೆ ಸಾಲ ಎತ್ತೋದು, ಈ ಕಾರು ಕೊಳ್ಳೋದು, ಸಿನಿಮಾ ಷೂಟಿಂಗಿಗೆ ಬಾಡಿಗೆ ಬಿಡೋದು. "ಅಣ್ಣಾ, ನೀವು ಗಾಂಧಿನಗರದಲ್ಲಿ ಓಡಾಡೋರು. ಒಂದ್ಸಲ ಕಾರು ನೋಡಿ ಹೇಳಿ. ಅಡ್ವಾನ್ಸ್ ಕೊಡ್ಲಾ, ಬೇಡ್ವಾ?" ಅಂತ ಕೇಳಿದ್ದಾನೆ.

ನಗಬೇಡಿ ಗೆಳೆಯರೇ. ಕುದಾಪುರ ಎಲ್ಲಿದೆ ಗೊತ್ತಾ? ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಹೋಬಳಿ. ಸುತ್ತ ಅಮೃತಮಹಲ್ ಕಾವಲು. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಚಳ್ಳಕೆರೆ ಕಂಬಳಿಗೆ ಉಣ್ಣೆ ಕೊಟ್ಟ ಮಂದೆಗಳು ಮೇಯ್ದ ನೆಲ ಅದು. ಸುಮಾರು 2009ರಿಂದ ಈಚೆಗೆ ಆ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಯ ಡಿಆರ್‌ಡಿಓಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಇಸ್ರೋಗೆ 573 ಎಕರೆ ಹೋಯಿತು. ಕಾಂಪೌಂಡು ಎದ್ದಿತು. 2024ರ ಜೂನ್ 23ರಂದು ಇಸ್ರೋದ ಪುಷ್ಪಕ್ ಅಲ್ಲಿನ ರನ್‌ವೇ ಮೇಲೆ ಗಂಟೆಗೆ 320 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಇಳಿಯಿತು. ದೇಶಕ್ಕೆ ಹೆಮ್ಮೆ, ಸರಿ. ಆದರೆ ಕಾಂಪೌಂಡಿನ ಈಚೆ ನಿಂತ ಕುರಿಗೆ ಹುಲ್ಲು? "ಮೇವೇ ಇಲ್ಲ, ಕುರಿ ಇಟ್ಕೊಂಡು ಏನು ಮಾಡ್ಲಿ ಅಣ್ಣಾ" ಅಂತ ಅವನು ಬರೆದದ್ದು ಸುಮ್ಮನೆ ಅಲ್ಲ. ಹುಡುಗನಿಗೆ ಇನ್ನೊಂದು ದಾರಿ ಬೇಕು. ಅವನಿಗೆ ಕಂಡದ್ದು ಈ ಕಾರು.

ಹಾಗಾಗಿ ಈ ವಾರ ಯಾವ ನಟಿ ಯಾವ ನಿರ್ಮಾಪಕನ ಮೇಲೆ ಮುನಿಸಿಕೊಂಡಳು ಅನ್ನೋದನ್ನು ಪಕ್ಕಕ್ಕಿಟ್ಟು, ಕಾರು ನೋಡಲು ಹೋದೆ.

ಸುಂದರಿಯ ಜಾತಕ

ಮೊದಲು ಕುಲಗೋತ್ರ ಕೇಳಿ. ಅಮೆರಿಕದ ಟಾಪಿಲ್ಲದ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಸರು ಮಾಡಿದ್ದು ಮೂರು. 1953ರ ಷೆವರ್ಲೆ ಕಾರ್ವೆಟ್: ಫೈಬರ್ ಮೈ, ಮೊದಲ ವರ್ಷ ಬರೀ 300 ಕಾರು, ಎಲ್ಲವೂ ಬಿಳಿ, ಒಳಗೆ ಕೆಂಪು. 1955ರ ಫೋರ್ಡ್ ಥಂಡರ್‌ಬರ್ಡ್: 'ಅಮೆರಿಕನ್ ಗ್ರಾಫಿಟಿ' ನೋಡಿದವರಿಗೆ ಗೊತ್ತು, ಅದರಲ್ಲಿ ಒಬ್ಬ ಹುಡುಗ ರಾತ್ರಿಯಿಡೀ ಹುಡುಕುವ ಹೊಂಬಣ್ಣದ ಕೂದಲಿನವಳು ಕೂತಿರೋದು 1956ರ ಬಿಳೀ ಥಂಡರ್‌ಬರ್ಡ್‌ನಲ್ಲಿ. ಮೂರನೆಯದೇ ನಮ್ಮ ಮಸ್ಟಾಂಗ್.

1964ರ ಏಪ್ರಿಲ್ 17. ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಫೋರ್ಡ್ ಕಂಪನಿ ಇದನ್ನು ಜನರ ಮುಂದಿಟ್ಟಿತು. ಬೆಲೆ 2,368 ಡಾಲರ್‌ನಿಂದ ಶುರು. ಮೊದಲ ದಿನವೇ 22,000 ಆರ್ಡರ್! ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರು. ಗುಟ್ಟು ಏನು ಗೊತ್ತಾ? ಮೇಲಿನ ಮೇಕಪ್ಪು ಮಾತ್ರ ಸ್ಪೋರ್ಟ್ಸ್ ಕಾರಿನದು. ಕೆಳಗಿರೋದು ಬಹುಪಾಲು ಅದೇ ಕಂಪನಿಯ ಫಾಲ್ಕನ್ ಎಂಬ ಸಾಧಾರಣ ಸಂಸಾರಸ್ಥರ ಕಾರು. ಅದಕ್ಕೇ ಅಗ್ಗ. ಅದಕ್ಕೇ ಇವತ್ತಿಗೂ ಅಮೆರಿಕದಲ್ಲಿ ಇದರ ಬಿಡಿಭಾಗ ಹೊಸದಾಗಿ ತಯಾರಾಗುತ್ತೆ. ಅಲ್ಲಿಂದ ಇಲ್ಲಿಗೆ ತರಿಸೋ ಖರ್ಚು, ಕಸ್ಟಮ್ಸ್ ಸುಂಕ ಬೇರೆ ಮಾತು!

ಇನ್ನೊಂದು ಮಜಾ ಕೇಳಿ. ಕಾರ್ಖಾನೆಯ ಒಂದನೇ ನಂಬರಿನ ಮಸ್ಟಾಂಗೂ ಟಾಪ್ ತೆರೆಯುವ ಬಿಳೀ ಕಾರೇ. ಪ್ರದರ್ಶನಕ್ಕೆ ಅಂತ ಕೆನಡಾದ ಸೇಂಟ್ ಜಾನ್ಸ್ ಊರಿಗೆ ಕಳಿಸಿದ್ದರು. ಡೀಲರ್ ಮಾರಿಯೇ ಬಿಟ್ಟ! ಕೊಂಡವನು ವಿಮಾನದ ಪೈಲಟ್. ಕಂಪನಿಯವರು ಬಂದು ಬೇಡಿದರೂ ಅವನು ಕೊಡಲಿಲ್ಲ. ಕಡೆಗೆ 1966ರಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಮಸ್ಟಾಂಗನ್ನೇ ಅವನ ಕೈಗಿಟ್ಟು ಹಳೆಯದನ್ನು ವಾಪಸ್ ಪಡೆದರು. ಈಗ ಅದು ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಅದರ ನಂಬರು 5 ಎಫ್ 08 ಎಫ್ 100001. ಈ ನಂಬರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಈಗಲೇ ಕೆಲಸಕ್ಕೆ ಬರುತ್ತೆ.

ಮೈಮುಟ್ಟಿ ನೋಡಿ ಬಂದೆ

ಕಾರು ಬೆಂಗಳೂರಿನ ಹಳೇ ಬಡಾವಣೆಯೊಂದರ ಶೆಡ್ಡಿನಲ್ಲಿತ್ತು. ಮಾಲೀಕರು ಎಪ್ಪತ್ತು ದಾಟಿದ ಯಜಮಾನರು. ಜೊತೆಗೆ ನನಗೆ ಪರಿಚಯದ ಟಿಂಕರಿಂಗ್ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಯಜಮಾನರು ಹೊದಿಕೆ ಎಳೆದರು. ಆಹಾ! ಕೆಂಪು. ಫೋರ್ಡ್‌ನವರು ಆ ಬಣ್ಣಕ್ಕೆ ಇಟ್ಟಿದ್ದ ಹೆಸರು 'ರಂಗೂನ್ ರೆಡ್'. ಮುಂದಿನ ಜಾಲರಿಯ ನಡುವೆ ಓಡುವ ಕುದುರೆ. ನನಗೆ ಮಾತೇ ಹೊರಡಲಿಲ್ಲ. ಮೇಸ್ತ್ರಿ ಮಾತ್ರ ಬಣ್ಣದ ಕಡೆ ತಿರುಗಿಯೂ ನೋಡದೆ ನೆಲಕ್ಕೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿಕೊಂಡರು!

ಇಲ್ಲೇ ಇದೆ ಪಾಠ. ನಾಳೆ ನೀವು ಯಾವ ಹಳೇ ಕಾರು ನೋಡಲು ಹೋದರೂ ಉಪಯೋಗಕ್ಕೆ ಬರುತ್ತೆ.

ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತೆ. ಮಸ್ಟಾಂಗಿಗೆ ಇಲ್ಲ, ಮೈಯೇ ಅದರ ಮೂಳೆ. ಚಪ್ಪಲಿ ಡಬ್ಬಿ ನೆನೆಸಿಕೊಳ್ಳಿ. ಮುಚ್ಚಳ ಇದ್ದಾಗ ಗಟ್ಟಿ. ಮುಚ್ಚಳ ತೆಗೆದು ಎರಡೂ ಕಡೆ ಹಿಡಿದು ತಿರುಚಿ, ಹೇಗೆ ಬಳುಕುತ್ತೆ! ಅದಕ್ಕೇ ಟಾಪಿಲ್ಲದ ಮಸ್ಟಾಂಗಿಗೆ ಬಾಗಿಲ ಕೆಳಗಿನ ಪಟ್ಟಿಯೊಳಗೆ, ಫ್ಲೋರಿನ ಕೆಳಗೆ ಕಾರ್ಖಾನೆಯವರೇ ಹೆಚ್ಚಿನ ಉಕ್ಕು ಬೆಸೆದಿರುತ್ತಾರೆ. ಟಾಪ್ ಇರುವ ಕಾರನ್ನು ಗ್ಯಾಸ್ ಕಟರಿನಿಂದ ಕೊಯ್ದು 'ಕನ್ವರ್ಟಿಬಲ್' ಅಂತ ಮಾರುವವರಿದ್ದಾರೆ. ಅದರಲ್ಲಿ ಆ ಉಕ್ಕು ಇರೋದಿಲ್ಲ. ನಾಲ್ಕು ಹಳ್ಳ ಹತ್ತಿಳಿದರೆ ಬಾಗಿಲು ಸಿಕ್ಕಿಕೊಳ್ಳುತ್ತೆ.

ಮೋಸ ಪತ್ತೆ ಹೇಗೆ? ಬಾನೆಟ್ ಎತ್ತಿ, ಸ್ಟಿಯರಿಂಗ್ ಇರುವ ಬದಿಯ ಮಡ್‌ಗಾರ್ಡಿನ ಒಳತಗಡಿನ ಮೇಲೆ ಕುಟ್ಟಿದ ನಂಬರು ಓದಿ. ಮೊದಲ ಅಂಕಿ ವರ್ಷ: 5 ಅಂದರೆ 1965ರ ಮಾಡೆಲ್. ಆಮೇಲಿನ ಅಕ್ಷರ ಕಾರ್ಖಾನೆ: ಎಫ್ ಅಂದರೆ ಡಿಯರ್‌ಬಾರ್ನ್, ಆರ್ ಅಂದರೆ ಸ್ಯಾನ್ ಹೋಸೆ, ಟಿ ಅಂದರೆ ಮೆಟಚನ್. ಆಮೇಲಿನ ಎರಡು ಅಂಕಿಯೇ ಜೀವಾಳ: 07 ಆದರೆ ಗಟ್ಟಿ ಟಾಪ್, 09 ಆದರೆ ಹಿಂಬದಿ ಇಳಿಜಾರಿನ ಫಾಸ್ಟ್‌ಬ್ಯಾಕ್, 08 ಆದರೆ ಮಾತ್ರ ಹುಟ್ಟಾ ಕನ್ವರ್ಟಿಬಲ್. ಆ ಪೈಲಟ್ಟಿನ ಕಾರಿನ ನಂಬರಿನಲ್ಲಿದ್ದ 08 ಇದೇ!

ನಾವು ನೋಡಿದ ಕಾರಿನ ನಂಬರು 5 ಆರ್ 08 ಸಿ ಅಂತ ಶುರುವಾಗಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹುಟ್ಟಿದ ಅಸಲಿ ಕನ್ವರ್ಟಿಬಲ್. ಕೊನೆಯ ಸಿ ಅಂದರೆ 289 ಘನ ಇಂಚಿನ ಎಂಟು ಸಿಲಿಂಡರಿನ ಎಂಜಿನ್, 200 ಕುದುರೆ ಶಕ್ತಿ.

ಮೇಸ್ತ್ರಿ ಮುಂದಿನ ಗಾಜಿನ ಬುಡದ ಗಾಳಿಕಿಂಡಿಗೆ ಒಂದು ಚೊಂಬು ನೀರು ಸುರಿದರು. ಈ ಕಾರುಗಳ ತುಕ್ಕು ಶುರುವಾಗೋದೇ ಅಲ್ಲಿ. ಕಿಂಡಿಯ ತಳ ಕೊಳೆತಿದ್ದರೆ ನೀರು ಒಳಗೆ ಕಾಲಿಡುವ ಜಾಗಕ್ಕೆ ತೊಟ್ಟಿಕ್ಕುತ್ತೆ. ತೊಟ್ಟಿಕ್ಕಲಿಲ್ಲ. ಬಾಗಿಲ ಕೆಳಗೆಲ್ಲ ಅಯಸ್ಕಾಂತ ಹಿಡಿದರು. ಪುಟ್ಟಿ ಮೆತ್ತಿದ್ದರೆ ಅದು ಅಂಟೋದಿಲ್ಲ. ಎಲ್ಲ ಕಡೆ ಟಕ್ ಅಂತ ಅಂಟಿತು. ಜಾಕಿ ಕೊಟ್ಟು ಎತ್ತಿ ಬಾಗಿಲು ಹಾಕಿ ತೆಗೆದರು. ಸಲೀಸು. ಕೀಲಿ ತಿರುಗಿಸಿದರೆ ಎಂಜಿನ್ ಗುಡುಗಿತು. ಮೇಸ್ತ್ರಿ ಕೈ ಒರೆಸಿಕೊಂಡು ಹೇಳಿದ್ದು ಒಂದೇ ಮಾತು: "ಚಿನ್ನ!"

ಅಂದಮೇಲೆ ಅಡ್ವಾನ್ಸ್ ಕೊಡಬಹುದು ಅಂದ್ಕೊಂಡ್ರಾ? ತಾಳಿ. ಇದು ಇಂಟರ್‌ವಲ್ ಅಷ್ಟೇ.

ಆರ್‌ಟಿಓ ಎಂಬ ಸೆನ್ಸಾರ್

ಕಾರು ಚಿನ್ನ ಆದರೆ ಸಾಲದು, ಕಾಗದವೂ ಚಿನ್ನ ಆಗಬೇಕು. ಅಮೆರಿಕದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ನಮ್ಮ ದೇಶದಲ್ಲಿ ಕಾರು ಜೋಡಿಸುತ್ತಿದ್ದ ಕಾಲ ಒಂದಿತ್ತು. 1954ರ ಹೊತ್ತಿಗೆ ಎರಡೂ ಬಾಗಿಲು ಹಾಕಿದವು. ಆಮೇಲೆ ಹೊರಗಿನ ಕಾರು ತರಿಸೋದು ಅಂದರೆ ಲೈಸೆನ್ಸಿನ ಹರಸಾಹಸ. ರಾಯಭಾರ ಕಚೇರಿಗಳವರು ತಂದು ಬಳಸಿದ ಕಾರುಗಳು ಸರ್ಕಾರಿ ಎಸ್‌ಟಿಸಿ ಸಂಸ್ಥೆಯ ಮೂಲಕ ಮಾರಾಟವಾಗುತ್ತಿದ್ದವು. ಆದ್ದರಿಂದ 1965ರ ಮಸ್ಟಾಂಗ್ ಕಂಡರೆ ಮೊದಲು ಕೇಳಿ: ಯಾವಾಗ ಬಂತು, ಸುಂಕ ಕಟ್ಟಿದ ಕಾಗದ ಎಲ್ಲಿ, ಮೊದಲ ಆರ್‌ಸಿ ಪುಸ್ತಕ ಎಲ್ಲಿ, ಅದರ ನಂಬರೂ ತಗಡಿನ ನಂಬರೂ ಒಂದೇನಾ? ಇಲ್ಲಾ ಅಂದರೆ ಕಸ್ಟಮ್ಸ್‌ನವರು ಬಂದು ಎಳೆದುಕೊಂಡು ಹೋದಾಗ ಕುರಿಯೂ ಇಲ್ಲ, ಕಾರೂ ಇಲ್ಲ. ಈ ಯಜಮಾನರು ಹಳದಿ ಬಣ್ಣಕ್ಕೆ ತಿರುಗಿದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಿಂದ ಒಂದೊಂದಾಗಿ ತೆಗೆದು ಬಾನೆಟ್ ಮೇಲೆ ಹರಡಿದರು. ಎಲ್ಲ ಸರಿಯಾಗಿತ್ತು.

ಮುಂದಿನದು ಸ್ಟಿಯರಿಂಗ್. ಅದು ಎಡಗಡೆ. ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಪ್ರಕಾರ, ಸರಿಯಾದ ಸಿಗ್ನಲ್ ಸಾಧನ ಕೆಲಸ ಮಾಡುತ್ತಿದ್ದರೆ ಮಾತ್ರ ಅಂಥ ಗಾಡಿ ರಸ್ತೆಗಿಳಿಸಬಹುದು. ಇದೂ ಪಾಸು.

ಈಗ ಬಂತು ನೋಡಿ ಕತ್ತರಿ! 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆ ಹೊಸ ನಿಯಮ ತಂದಿತು. ಐವತ್ತು ವರ್ಷ ದಾಟಿ, ಮೂಲ ರೂಪ ಕೆಡದ ಗಾಡಿಯನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಅನ್ನೋ ಗತ್ತು ಬೇರೆ. ಆದರೆ ಅದೇ ನಿಯಮ ಇನ್ನೊಂದು ಮಾತು ಹೇಳುತ್ತೆ: ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು ಇಂಥದ್ದಕ್ಕೆ ಮಾತ್ರ ರಸ್ತೆ.

ವಿಂಟೇಜ್ ಬೇಡ, ಹಳೇ ಬಿಳೀ ಬೋರ್ಡಿನಲ್ಲೇ ಬಾಡಿಗೆಗೆ ಬಿಡ್ತೀನಿ ಅಂತೀರಾ? ಬಿಳೀ ಬೋರ್ಡಿನ ಗಾಡಿ ಬಾಡಿಗೆಗೆ ಓಡಿಸೋದು ತಪ್ಪು ಅಂತ ನಮ್ಮ ಟ್ಯಾಕ್ಸಿ ಡ್ರೈವರುಗಳನ್ನು ಕೇಳಿ, ಹೇಳ್ತಾರೆ. ಗಾಂಧಿನಗರದಲ್ಲಿ ಎಲ್ಲಾ ನಡೆಯುತ್ತೆ, ನಿಜ. ಆದರೆ ಚೇಸಿಂಗ್ ದೃಶ್ಯದಲ್ಲಿ ಡ್ಯೂಪ್ ಹುಡುಗ ಅದನ್ನು ಕಂಬಕ್ಕೆ ಗುದ್ದಿದ ದಿನ ಇನ್ಷೂರೆನ್ಸಿನವರು ಬಂದು ಮೊದಲು ಕೇಳೋದೇ, "ಬಾಡಿಗೆಗೆ ಬಿಟ್ಟಿದ್ರಾ?" ಅಂತ. ಹೌದು ಅಂದರೆ ಪರಿಹಾರದ ಆಸೆ ಬಿಡಿ.

ಷೂಟಿಂಗ್ ಲೆಕ್ಕ

ಯಜಮಾನರನ್ನೇ ಕೇಳಿದೆ: "ಸರ್, ಜಾಹೀರಾತಿನಲ್ಲಿ ಷೂಟಿಂಗಿಗೆ ಯೋಗ್ಯ ಅಂತ ಹಾಕಿದ್ದೀರಲ್ಲ, ಎಷ್ಟು ಸಲ ಹೋಗಿದೆ?"

"ಆರು ಸಲ ಕಣಪ್ಪಾ."

"ಎಷ್ಟು ವರ್ಷದಲ್ಲಿ?"

"ಇಪ್ಪತ್ತು ವರ್ಷದಲ್ಲಿ."

"ದುಡ್ಡು ಬಂತಾ?"

"ಎರಡು ಸಲ ಬಂತು. ನಾಲ್ಕು ಸಲ ಕಾಫಿ ಕೊಟ್ರು. ಒಂದು ಸಲ ಯಾರೋ ಸಿಗರೇಟಿನಿಂದ ಸೀಟು ಸುಟ್ರು." ಹೀಗೆಂದವರೇ ಜೋರಾಗಿ ನಕ್ಕರು. ಜಾಹೀರಾತು ಬರೆದದ್ದು ಅವರ ಮೊಮ್ಮಗನಂತೆ! ಕೇಳುತ್ತಿರುವ ಬೆಲೆಯನ್ನು ಅಚ್ಚು ಹಾಕಬೇಡಿ ಅಂದರು, ಹಾಕೋದಿಲ್ಲ. ಕುದಾಪುರದಲ್ಲಿ ಒಂದು ಮನೆ ಕಟ್ಟಿ, ಇನ್ನೊಂದು ಮಂದೆ ಕೊಳ್ಳಬಹುದು ಅಂದರೆ ಸಾಕು.

ಇನ್ನು ಸಾಕುವ ಖರ್ಚು. ಲೀಟರಿಗೆ ಐದಾರು ಕಿಲೋಮೀಟರ್ ಕೊಟ್ಟರೆ ಪುಣ್ಯ. ಬೆಂಗಳೂರಿನಿಂದ ಚಳ್ಳಕೆರೆ ಸುಮಾರು ಇನ್ನೂರು ಕಿಲೋಮೀಟರ್, ಲೆಕ್ಕ ನೀವೇ ಹಾಕಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೇ ಕಾರ್ಬೊರೇಟರಿನ ರಬ್ಬರು, ಪೈಪು ಅದಕ್ಕೆ ಹಿಗ್ಗಿ ಬಿರಿಯುತ್ತವೆ. ಎಲ್ಲ ಬದಲಾಯಿಸಬೇಕು. ಒಂದೇ ಸಮಾಧಾನ: ನಮ್ಮ ಚಳ್ಳಕೆರೆ ಸೀಮೆಯ ಒಣಹವೆ ಕಬ್ಬಿಣಕ್ಕೆ ಒಳ್ಳೆಯದು, ಕರಾವಳಿಯಲ್ಲಿದ್ದ ಕಾರಿನಷ್ಟು ಬೇಗ ತುಕ್ಕು ಹಿಡಿಯೋದಿಲ್ಲ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಟಾಪ್ ತೆಗೆದು ನಾಯಕನಹಟ್ಟಿ ರಸ್ತೆಯಲ್ಲಿ ಹೊರಟರೆ ಹೀರೋ ಮನೆ ತಲುಪುವ ಹೊತ್ತಿಗೆ ಹಪ್ಪಳ!

"ಬೆಲೆ ಏರುತ್ತೆ ಅಣ್ಣಾ, ನಾಳೆ ಕೋಟಿಗೆ ಮಾರ್ತೀನಿ" ಅಂತಲೂ ತಮ್ಮ ಬರೆದಿದ್ದಾನೆ. ಏರಿದ್ದು ಸುಳ್ಳಲ್ಲ. 'ಬುಲಿಟ್' ಚಿತ್ರದಲ್ಲಿ (1968) ಸ್ಟೀವ್ ಮಕ್ವೀನ್ ಸ್ಯಾನ್‌ಫ್ರಾನ್ಸಿಸ್ಕೋದ ಏರಿಳಿತದಲ್ಲಿ ಹಾರಿಸಿದ ಹಸಿರು ಮಸ್ಟಾಂಗನ್ನು 1974ರಲ್ಲಿ ಒಂದು ಸಂಸಾರ ಪತ್ರಿಕೆಯ ಜಾಹೀರಾತು ನೋಡಿ ಸುಮಾರು 6,000 ಡಾಲರಿಗೆ ಕೊಂಡಿತ್ತು. ಮನೆಯಾಕೆ ಶಾಲೆಯ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರು. 1977ರಲ್ಲಿ ಸ್ವತಃ ಮಕ್ವೀನ್ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. 2020ರ ಜನವರಿಯಲ್ಲಿ ಹರಾಜಿಗಿಟ್ಟಾಗ ಕೂಗು ನಿಂತದ್ದು 34 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 24 ಕೋಟಿ ರೂಪಾಯಿ!

ಆದರೆ ಗಮನಿಸಿ. ಆ ಬೆಲೆ ಕಬ್ಬಿಣದ್ದಲ್ಲ, ಮಕ್ವೀನ್ ಕೂತ ಸೀಟಿನದು. ನಾಯಕನಹಟ್ಟಿ ಜಾತ್ರೆಯಲ್ಲಿ ತಿಪ್ಪೇರುದ್ರಸ್ವಾಮಿ ರಥದ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತಲ್ಲ, ಅದು ಬಟ್ಟೆಯ ಬೆಲೆಯಾ? ಅದೇ ಬಟ್ಟೆಯನ್ನು ಅಂಗಡಿಯಲ್ಲಿ ಕೊಂಡು ನಾಳೆ ಲಕ್ಷಕ್ಕೆ ಮಾರ್ತೀನಿ ಅಂದರೆ ಯಾರು ಕೊಡ್ತಾರೆ? ಆ ಸಂಸಾರ ನಲವತ್ತಾರು ವರ್ಷ ಕಾಯಿತು. ಸಾಲದ ಬಡ್ಡಿ ನಲವತ್ತಾರು ದಿನವೂ ಕಾಯೋದಿಲ್ಲ.

ತಮ್ಮನಿಗೆ ಉತ್ತರ

ಹಾಗಾದರೆ ಈ ಕಾರು ಯಾರಿಗೆ? ಹೊಟ್ಟೆ ತುಂಬಿದ ಮೇಲೆ ಉಳಿದ ದುಡ್ಡಿದ್ದವರಿಗೆ, ಅದರಿಂದ ಒಂದು ಪೈಸೆಯೂ ವಾಪಸ್ ಬೇಡ ಅನ್ನುವವರಿಗೆ. ಯಜಮಾನರು ಅಂಥವರು. ಕೊಳ್ಳುವವರೂ ಅಂಥವರೇ ಆಗಬೇಕು. ಕಾರಿನಲ್ಲಿ ದೋಷವಿಲ್ಲ, ಮಾರುವವರಲ್ಲಿ ಮೋಸವಿಲ್ಲ. ಆದರೂ, ತಮ್ಮಾ, ಅಡ್ವಾನ್ಸ್ ಕೊಡಬೇಡ. ಕುರಿ ಮರಿ ಹಾಕುತ್ತೆ, ಮಸ್ಟಾಂಗ್ ಹಾಕೋದಿಲ್ಲ.

ಹೀರೋ ಆಗೋಕೆ ಕೆಂಪು ಕಾರೇ ಬೇಕಾ? ನಿನ್ನ ಜಿಲ್ಲೆಯ ಕೋಟೆಯಲ್ಲೇ 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದರು. ಕಥೆ ತ.ರಾ.ಸು. ಅವರದು, ಅವರ ಮನೆತನ ನಿನ್ನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಆ ಚಿತ್ರದಲ್ಲಿ ಜಲೀಲನಾಗಿ ಅಂಬರೀಶ್ ಬಂದದ್ದು ಯಾವುದರ ಮೇಲೆ? ಸೈಕಲ್ ಮೇಲೆ! ಇದ್ದದ್ದು ಪುಟ್ಟ ಪಾತ್ರ. ಜನ ಮರೆತರಾ?

ಬೇಡ ಅಂದು ಸುಮ್ಮನಾಗೋದು ಸುಲಭ, ಅದಕ್ಕೇ ಇನ್ನೊಂದು ಮಾತು. ಹೊರಡುವಾಗ ಮೇಸ್ತ್ರಿ ಹೇಳಿದರು: "ಇಂಥ ಕಾರು ಕೊಳ್ಳೋಕೆ ಜನ ಇದ್ದಾರೆ, ಮುಟ್ಟೋಕೆ ಕೈ ಇಲ್ಲ." ತಗಡು ಬಡಿದು ಆಕಾರಕ್ಕೆ ತರೋರು, ಕಾರ್ಬೊರೇಟರ್ ಬಿಚ್ಚಿ ಕಟ್ಟೋರು, ಬಟ್ಟೆ ಟಾಪ್ ಹೊಲಿಯೋರು ಎಲ್ಲ ಮುದುಕರಾಗಿದ್ದಾರೆ. ಹೊಸ ಹುಡುಗರಿಗೆ ಕಂಪ್ಯೂಟರ್ ಹಚ್ಚಿ ನೋಡುವ ಕಾರು ಮಾತ್ರ ಗೊತ್ತು. ಮಾಲೀಕರು ಒಂದು ಕೆಲಸಕ್ಕೆ ತಿಂಗಳುಗಟ್ಟಲೆ ಕಾಯುತ್ತಾರಂತೆ. ಕಾರು ಇಟ್ಟುಕೊಂಡವನ ಜೇಬು ಖಾಲಿಯಾಗುತ್ತೆ, ಕಾರು ರಿಪೇರಿ ಮಾಡುವವನ ಜೇಬು ತುಂಬುತ್ತೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಈ ಲೆಕ್ಕ ತಿಳಿಯಿತು.

ನಿನ್ನ ವಿಷಯ ಮೇಸ್ತ್ರಿಗೆ ಹೇಳಿದ್ದೇನೆ. ಮೊದಲ ಆರು ತಿಂಗಳು ಊಟ, ಮಲಗಲು ಜಾಗ, ಕೈಖರ್ಚು ಅಷ್ಟೇ, ಆಮೇಲೆ ಸಂಬಳ ಅಂದರು. ಬೈಗುಳ ಮಾತ್ರ ಮೊದಲ ದಿನದಿಂದಲೇ! ಒಪ್ಪಿಗೆ ಆದರೆ ಪತ್ರಿಕೆಯ ವಿಳಾಸಕ್ಕೆ ಕಾರ್ಡು ಹಾಕು. ಕುರಿಗಳನ್ನು ಅಪ್ಪನ ಹತ್ತಿರವೇ ಬಿಟ್ಟು ಬಾ.

ಉಳಿದ ಮಿತ್ರರೇ, ಹಳೇ ಕಾರು ಕಣ್ತುಂಬ ನೋಡುವ ಆಸೆ ಇದ್ದರೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರು ಸಂಗ್ರಹಾಲಯಕ್ಕೆ ನುಗ್ಗಿ. ಯಾರಾದರೂ ಟಾಪಿಲ್ಲದ ಮಸ್ಟಾಂಗ್ ತೋರಿಸಿ ಜಂಬ ಕೊಚ್ಚಿದರೆ ಬಾನೆಟ್ ಎತ್ತಿಸಿ ನಂಬರು ಓದಿ. 08 ಇದ್ದರೆ ಒಂದು ಸೆಲ್ಯೂಟ್ ಹೊಡೆಯಿರಿ. 07 ಇದ್ದರೆ ಮುಸಿಮುಸಿ ನಕ್ಕು ಬಸ್ ಸ್ಟ್ಯಾಂಡ್ ದಾರಿ ಹಿಡಿಯಿರಿ!